ಅಕ್ಕಿ ಡ್ರಮ್ಮಿನ ಪಕ್ಕ

ರೆಡ್‌ವುಡ್ ಸಿಟಿ
11 ಜನವರಿ 2025

ಮಜೀದಾ,

ಫೋನಿನಲ್ಲಿ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ನನಗೆ ಫೋನು ಮಾಡಬೇಡ. ಮುಗಿಸಿದ ಮೇಲೂ ಬೇಡ.

ನನ್ನ ಟೀಮಿನ ಡೇನಿಯಲ್ ನೆನಪಿದ್ದಾನಲ್ಲ? ಅವನ ಆಫೀಸು ಲ್ಯಾಪ್‌ಟಾಪನ್ನು ನಿನ್ನ ಮನೆಯಲ್ಲಿ ಇಡಿಸಿದ್ದೆನಲ್ಲ, ಅವನೇ. ಅವನು ಸ್ಯಾನ್ ಹೋಸೆಯವನಲ್ಲವಂತೆ. ಅಮೆರಿಕದವನೇ ಅಲ್ಲವಂತೆ. ಯಾರದೋ ಹೆಸರು, ಯಾರದೋ ಗುರುತಿನ ಚೀಟಿ ಹಿಡಿದು ನಮ್ಮಲ್ಲಿ ಇಷ್ಟು ದಿನ ಕೆಲಸ ಮಾಡಿದ್ದಾನೆ. ಉತ್ತರ ಕೊರಿಯಾದವನು, ಬಹುಶಃ ಚೀನಾದ ಯಾವುದೋ ಊರಿನಲ್ಲಿ ಕೂತಿದ್ದಾನೆ ಎಂದು ನಮ್ಮ ಸೆಕ್ಯುರಿಟಿಯವರು ಹೇಳುತ್ತಾರೆ. ನಿನ್ನ ಮನೆಯ ಲ್ಯಾಪ್‌ಟಾಪಿನ ಮೂಲಕ ಒಳಗೆ ಬರುತ್ತಿದ್ದ. ಹಾಗೆ ಬಂದರೆ ನಮ್ಮ ಕಂಪ್ಯೂಟರುಗಳಿಗೆ ಅವನು ನಿಮ್ಮ ಬೆರ್ರಿಯೆಸಾದಲ್ಲೇ ಇರುವಂತೆ ಕಾಣುತ್ತದೆ.

ಲ್ಯಾಪ್‌ಟಾಪ್ ಮುಟ್ಟಬೇಡ. ಯಾರಾದರೂ ಬಂದು ತೆಗೆದುಕೊಂಡು ಹೋಗುತ್ತಾರೆ. ಕಂಪನಿಯ ಲಾಯರು ನನ್ನ ಫೋನು ಇಸಿದುಕೊಂಡಿದ್ದಾರೆ. ಹೊರಗಿನ ಯಾರ ಜೊತೆಗೂ ಈ ವಿಷಯ ಮಾತನಾಡಕೂಡದು ಎಂದಿದ್ದಾರೆ. ಕನ್ನಡದಲ್ಲಿ, ಕಾಗದದ ಮೇಲೆ ಬರೆದರೆ ಪರವಾಗಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ.

ಮೈಸೂರಿನಲ್ಲಿ ಎಂ.ಎ. ಮಾಡುವಾಗ ನೀನು ಕೊರಿಯಾ ಯುದ್ಧದ ಮೇಲೆ ಪ್ರಬಂಧ ಬರೆದಿದ್ದೆ. ಹಾಸ್ಟೆಲಿನಲ್ಲಿ ನನಗೆ ಓದಿ ಹೇಳುವಾಗೆಲ್ಲ ನಾನು ನಿದ್ದೆ ಹೋಗುತ್ತಿದ್ದೆ. ಈಗ ಎಚ್ಚರವಾಗಿ ಕೇಳುತ್ತಿದ್ದೇನೆ. ಅದು ಎಂಥ ದೇಶ? ನಮ್ಮಂಥ ಸಣ್ಣ ಕಂಪನಿಯಿಂದ ಅವರಿಗೆ ಏನಾಗಬೇಕು?

ಕೈಕಾಲು ಆಡದೆ ಕೂತಿರುವ
ಬಿಂದು


ಬೆರ್ರಿಯೆಸಾ
16 ಜನವರಿ 2025

ಬಿಂದು,

ಅರ್ಧ ಗಂಟೆಯ ದಾರಿಯಲ್ಲಿರುವವಳಿಂದ ಸ್ಟಾಂಪು ಅಂಟಿಸಿದ ಕಾಗದ ಬಂದಾಗ ಯಾರೋ ಹೋಗಿಬಿಟ್ಟರು ಎಂದುಕೊಂಡೇ ಒಡೆದೆ. ಕನ್ನಡದಲ್ಲಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ನಿನ್ನ ನಂಬಿಕೆಗೆ ಏನು ಹೇಳಲಿ? ನಮ್ಮ ಬೀದಿಯಲ್ಲಿ ಹಾಸನದವರ ಮನೆಗಳೇ ನಾಲ್ಕಿವೆ.

ಆ ಪೆಟ್ಟಿಗೆ ನಮ್ಮ ಮನೆಗೆ ಬಂದ ದಿನ ನೆನಪಿದೆಯೇ? ಬಾರ್ಟ್ ರೈಲು ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ನಿನ್ನ ಕಾರಿನ ಡಿಕ್ಕಿಯಿಂದ ನನ್ನ ಕಾರಿನ ಡಿಕ್ಕಿಗೆ ನೀನೇ ಎತ್ತಿಟ್ಟೆ. "ನಮ್ ಟೀಮಿನ ಹುಡ್ಗಂಗೆ ಕಳಿಸ್ಬೇಕಾದ ಲ್ಯಾಪ್‌ಟಾಪು ಕಣೆ. ಅಪಾರ್ಟ್‌ಮೆಂಟು ಖಾಲಿ ಮಾಡಿದಾನೆ, ಅವರಪ್ಪಂಗೆ ಹುಷಾರಿಲ್ಲ ಅಂತ ಓಡಾಡ್ತಿದಾನೆ. ಮ್ಯಾನೇಜರ್ ಮನೇಲಿ ಇಟ್ಕೊಂಡ್ರೆ ಚೆನ್ನಾಗಿರಲ್ಲ. ಒಂದೆರಡು ವಾರ, ಪ್ಲಗ್ ಹಾಕಿರು ಸಾಕು." ಅವನು ಯಾರು, ಏಕೆ ಎಂದು ನಾನು ಕೇಳಲಿಲ್ಲ. ನಮ್ಮವರಲ್ಲಿ ಯಾರು ಕೇಳುತ್ತಾರೆ? ಈ ಊರಿಗೆ ಬಂದಾಗಿನಿಂದ ನಮ್ಮ ಗರಾಜಿನಲ್ಲಿ ಇನ್ನೊಬ್ಬರ ಸಾಮಾನು ಇಲ್ಲದ ದಿನವಿಲ್ಲ. ಯಾರದೋ ತೊಟ್ಟಿಲು, ಯಾರದೋ ಗ್ರೈಂಡರು, ಊರಿಗೆ ಹೋಗುವವರ ಕೈಯಲ್ಲಿ ಕಳಿಸಬೇಕಾದ ವಿಟಮಿನ್ನಿನ ಡಬ್ಬಗಳು. ಒಳಗೇನಿದೆ ಎಂದು ಕೇಳಿದರೆ ಅವರನ್ನು ಅನುಮಾನಿಸಿದ ಹಾಗೆ.

ಪ್ಯಾಂಟ್ರಿಯಲ್ಲಿ ಅಕ್ಕಿ ಡ್ರಮ್ಮಿನ ಪಕ್ಕ ಇಟ್ಟೆ. ದೂರದಿಂದ ಕೆಲಸ ಮಾಡಲು ಬೇಕೆಂದು ಡೇನಿಯಲ್ ಅಂಚೆಯಲ್ಲಿ ಕಳಿಸಿದ ಸಣ್ಣ ಡಬ್ಬಿಯೊಂದನ್ನು ಅವನು ಹೇಳಿದಂತೆ ಅದಕ್ಕೆ ಸಿಕ್ಕಿಸಿದೆ. ಬಿಸಿಯಾಗುತ್ತದೆಂದು ಅಡಿಯಲ್ಲಿ ಮಣೆ ಇಟ್ಟೆ, ಧೂಳು ಕೂರದಿರಲೆಂದು ರಮ್ಶಾಳ ಹಳೆಯ ದುಪಟ್ಟ ಹೊದಿಸಿದೆ. ಕರೆಂಟು ಹೋಗಿಬಂದಾಗ, ಆಂಟಿ, ದಯವಿಟ್ಟು ಬಟನ್ ಒತ್ತುತ್ತೀರಾ ಎಂದು ಮೆಸೇಜು ಮಾಡುತ್ತಿದ್ದ. ಒಂದೆರಡು ವಾರ ಹೋಗಿ ಒಂದು ವರ್ಷ ದಾಟಿತು. ಅವನ ಹುಟ್ಟುಹಬ್ಬಕ್ಕೆ ನಿಮ್ಮ ಕಂಪನಿಯವರು ಕಳಿಸಿದ ಕೇಕು ಇಲ್ಲಿಗೇ ಬಂತು. ನೀವೇ ತಿನ್ನಿ ಆಂಟಿ ಎಂದ. ತಿಂದೆವು.

ಸುದ್ದಿ ಕೇಳಿ ರಮ್ಶಾ ಬಿದ್ದು ಬಿದ್ದು ನಕ್ಕಳು. "ಅಮ್ಮಿ, ಯು ವರ್ ರನ್ನಿಂಗ್ ಆ್ಯನ್ ಎಂಬಸಿ ನೆಕ್ಸ್ಟ್ ಟು ದ ರೈಸ್!" ಅವಳಪ್ಪ ಮುನಾವರ್ ನಗಲಿಲ್ಲ. ಅವರ ಸಿಟಿಜನ್‌ಶಿಪ್ ಇಂಟರ್‌ವ್ಯೂ ಮಾರ್ಚಿನಲ್ಲಿದೆ, ನಿನಗೇ ಗೊತ್ತು. "ಈ ದೇಶದಲ್ಲಿ ಒಂದು ಪಾರ್ಕಿಂಗ್ ದಂಡ ಕೂಡ ಕಟ್ಟಿದವನಲ್ಲ ನಾನು, ಮಜೀದಾ" ಎಂದು ಹೇಳಿ ಲ್ಯಾಬಿಗೆ ಹೊರಟುಹೋದರು.

ಎಂಥ ದೇಶ ಎಂದು ಕೇಳಿದ್ದೀಯ. ಎದ್ದಿರುವೆಯಾದರೆ ಕೇಳು. ಮೂವತ್ತೈದು ವರ್ಷ ಜಪಾನಿನ ಕೈಕೆಳಗಿದ್ದ ನಾಡು ಅದು. ಜಪಾನು ಸೋತಾಗ ಅಮೆರಿಕದ ಇಬ್ಬರು ಅಧಿಕಾರಿಗಳು ನಕ್ಷೆಯ ಮೇಲೆ ಗೀಟು ಎಳೆದರು. ಮೇಲಿನದು ರಷ್ಯಾದವರಿಗೆ, ಕೆಳಗಿನದು ತಮಗೆ. ಐದು ವರ್ಷಕ್ಕೆ ಉತ್ತರದವರು ಗೀಟು ದಾಟಿ ಯುದ್ಧ ಶುರುಮಾಡಿದರು. ಅಮೆರಿಕದ ಬಾಂಬಿಗೆ ಅವರ ಊರುಗಳು ನೆಲಸಮವಾದವು. 1953ರಲ್ಲಿ ಕದನ ನಿಂತಿತು, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಯುದ್ಧ ಮುಗಿದಿಲ್ಲ ಎಂದು ಹೇಳಿಕೊಂಡೇ ಅಜ್ಜ ಆಳಿದ, ಮಗ ಆಳಿದ, ಈಗ ಮೊಮ್ಮಗ ಆಳುತ್ತಿದ್ದಾನೆ. ನಡುವೆ ಕ್ಷಾಮ ಬಂದು ಲಕ್ಷಾಂತರ ಜನ ಹಸಿವಿನಿಂದ ಸತ್ತರು, ಎಷ್ಟು ಜನ ಎಂಬುದೇ ಹೊರಗಿನವರಿಗೆ ಗೊತ್ತಿಲ್ಲ. ಅಣುಬಾಂಬು ಮಾಡಿದ್ದಕ್ಕೆ ನಿರ್ಬಂಧ ಹೇರಿದ್ದಾರೆ. ಕಲ್ಲಿದ್ದಲು ಮಾರುವ ಹಾಗಿಲ್ಲ, ಮೀನು ಮಾರುವ ಹಾಗಿಲ್ಲ. ಹುಡುಗರ ತಲೆ ಮಾರುತ್ತಾರೆ. ನಿನ್ನ ಕಂಪನಿಯಿಂದ ಅವರಿಗೆ ಬೇಕಾದದ್ದು ಡೇನಿಯಲ್‌ನ ಸಂಬಳ, ಅಷ್ಟೇ.

ಈಗ ನನಗೆ ಬೇಕಾದ್ದನ್ನು ಹೇಳುತ್ತೇನೆ. ನಾವು ಹಿಡಿದಿರುವ ಲಾಯರು ಹೇಳುವುದು ಒಂದೇ ಮಾತು: ಆ ಲ್ಯಾಪ್‌ಟಾಪನ್ನು ತಂದುಕೊಟ್ಟದ್ದು ಕಂಪನಿಯ ಮ್ಯಾನೇಜರು ಎಂದು ಆ ಮ್ಯಾನೇಜರೇ ಹೇಳಿಕೆ ಕೊಟ್ಟರೆ ನಮ್ಮ ಮಟ್ಟಿಗೆ ಇದು ಮುಗಿಯುತ್ತದೆ. ಕೊಡು, ಬಿಂದು.

ಮಜೀದಾ


ರೆಡ್‌ವುಡ್ ಸಿಟಿ
9 ಫೆಬ್ರವರಿ 2025

ಮಜೀದಾ,

ತಡವಾಯಿತು. ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಈಗಲೇ ಆಗುವುದಿಲ್ಲ ಎನ್ನುತ್ತಿದ್ದೇನೆ.

ಶಿವಪ್ರಕಾಶರ ಕೆಲಸ ನವೆಂಬರಿನಲ್ಲಿ ಹೋಯಿತು. ನಿನಗೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ಶರ್ಟು ಹಾಕಿಕೊಂಡು ಕಾಫಿ ಶಾಪಿಗೆ ಹೋಗಿ ಕೂರುತ್ತಾರೆ, ಮಂಡ್ಯದ ಅತ್ತೆ ಮಾವನಿಗೆ ಫೋನು ಮಾಡಿದಾಗ ಮೀಟಿಂಗಿನಲ್ಲಿದ್ದೆ ಎನ್ನುತ್ತಾರೆ. ಮನೆ ನಡೆಯುತ್ತಿರುವುದು ನನ್ನ ಕೆಲಸದಲ್ಲಿ. ನಾನೇ ತಂದುಕೊಟ್ಟೆ ಎಂದರೆ ಅದೇ ದಿನ ಬ್ಯಾಡ್ಜು ಕಿತ್ತುಕೊಳ್ಳುತ್ತಾರೆ. "ನಿನ್ ಹೆಸ್ರು ಎಲ್ಲೂ ಇಲ್ವಲ್ಲೇ, ನೀನಾಗ್ ನೀನೇ ಹೋಗಿ ಯಾಕ್ ಬರುಸ್ಕೊಂಡೀಯ? ಸುಮ್ಕಿರು" ಎನ್ನುತ್ತಾರೆ ಇವರು. ಅವರಿಗೆ ಈಗ ಹೊತ್ತು ಹೋಗುವುದು ಯೂಟ್ಯೂಬಿನಲ್ಲಿ. ಆ ದೇಶದಲ್ಲಿ ಕ್ಷೌರಕ್ಕೂ ಸರ್ಕಾರ ಹೇಳಿದ ಸ್ಟೈಲೇ ಅಂತೆ ಎಂದು ಊಟಕ್ಕೆ ಕೂತಾಗ ಹೇಳಿ ನಗುತ್ತಾರೆ.

ಡೇನಿಯಲ್ ಒಂದು ದಿನವೂ ಕ್ಯಾಮೆರಾ ಹಾಕಲಿಲ್ಲ. ನಾಚಿಕೆ ಎಂದುಕೊಂಡೆವು. ರಜಾ ಹಾಕಲಿಲ್ಲ. ಶ್ರದ್ಧೆ ಎಂದುಕೊಂಡೆವು. ಒಮ್ಮೆ ಮೀಟಿಂಗಿನ ಮಧ್ಯೆ ಅವನ ಹಿಂದೆ ಯಾರೋ ಕೂಗಾಡಿದ್ದು ಕೇಳಿಸಿತು. ತಟ್ಟನೆ ಮ್ಯೂಟ್ ಮಾಡಿ ಆಮೇಲೆ ಟಿವಿ ಎಂದ. ನನ್ನ ಟೀಮಿನಲ್ಲಿ ಅವನಷ್ಟು ಚೆನ್ನಾಗಿ ಕೆಲಸ ಮಾಡುವವರು ಇನ್ನೊಬ್ಬರಿಲ್ಲ ಎಂದು ಬಾಸಿಗೆ ಬರೆದು ಕೊಟ್ಟವಳು ನಾನು.

ತನಿಖೆಗೆ ಸರ್ಕಾರದ ಏಜೆಂಟರು ನಿಮ್ಮಲ್ಲಿಗೆ ಬರಬಹುದು. ಸತ್ಯವನ್ನೇ ಹೇಳು. ಅವರು ಕೇಳದ್ದನ್ನು ಹೇಳಬೇಕಾಗಿಲ್ಲ.

ಬಿಂದು


ಬೆರ್ರಿಯೆಸಾ
20 ಮಾರ್ಚ್ 2025

ಬಿಂದು,

ಬಂದಿದ್ದರು. ಒಬ್ಬ ಗಂಡಸು, ಒಬ್ಬ ಹೆಂಗಸು. ತುಂಬ ಮರ್ಯಾದೆಯವರು. ಹೆಂಗಸು ನನ್ನ ಚಹಾ ಹೊಗಳಿದಳು, ಏಲಕ್ಕಿ ಹಾಕುತ್ತೀರಾ ಎಂದು ಕೇಳಿದಳು. ಗಂಡಸು ಕೈಗವಸು ಹಾಕಿಕೊಂಡು ದುಪಟ್ಟ ಎತ್ತಿ ಲ್ಯಾಪ್‌ಟಾಪನ್ನೂ ಡಬ್ಬಿಯನ್ನೂ ಚೀಲಕ್ಕೆ ಇಳಿಸಿದ. ಮಣೆಯನ್ನೂ ಒಯ್ದರು. ಮಣೆ ಏಕೆ ಎಂದು ಕೇಳಬೇಕೆನಿಸಿತು.

"ಇದು ನಿಮಗೆ ಹೇಗೆ ಬಂತು?" ಎಂದಳು. ನಿನ್ನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಲಾಯರ ಜೊತೆ ಮಾತನಾಡಿ ಆಮೇಲೆ ಉತ್ತರಿಸುತ್ತೇನೆ ಎಂದೆ. ಆಗಲಿ ಎಂದು ಕಾರ್ಡು ಕೊಟ್ಟು ಹೋದರು. ಅಲ್ಲಿಯವರೆಗೆ ನಾನು ಚಹಾ ಮಾಡಿಕೊಟ್ಟ ಗೃಹಿಣಿ. ಆ ಮಾತು ಆಡಿದ ಕೂಡಲೇ ಇನ್ನೇನೋ ಆದೆ. ಅವಳ ಮುಖದಲ್ಲಿ ಅದು ಕಂಡಿತು.

ಮುನಾವರ್ ಅವತ್ತು ಕೂಗಾಡಿಬಿಟ್ಟರು. "ಅವಳ ಕೈಬರಹದಲ್ಲೇ ಕಾಗದ ಇದೆಯಲ್ಲ! ತಗೊಂಡೋಗಿ ಕೊಡು! ಬಾಗಿಲು ತಟ್ಟೋರಿಗೆ ಶಿವಪ್ರಕಾಶ್ ಬೇರೆ, ಮುನಾವರ್ ಬೇರೆ. ನಿನಗಿದು ಗೊತ್ತಿಲ್ವಾ?" ಗೊತ್ತಿದೆ. ನಿನಗೂ ಗೊತ್ತಿದೆ, ಬಿಂದು. ಗೊತ್ತಿದ್ದೂ ಕೇಳದ್ದನ್ನು ಹೇಳಬೇಡ ಎಂದು ಬರೆದೆಯಲ್ಲ, ಅದಕ್ಕೇ ನನಗೆ ತಲೆ ಕೆಡುತ್ತಿರುವುದು. ಲಾಯರ ಮಾತಿನಂತೆ ಇಂಟರ್‌ವ್ಯೂ ಮುಂದೆ ಹಾಕಿಸಿಕೊಂಡಿದ್ದೇವೆ. ಮುನಾವರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೆ ರಮ್ಶಾಳಿಗೆ ಹೇಳುತ್ತಾರೆ, ಅವಳು ನನಗೆ ಹೇಳುತ್ತಾಳೆ.

ಕ್ಷೌರದ ಸುದ್ದಿ ಹೇಳಿ ನಗುವ ಶಿವಪ್ರಕಾಶರಿಗೆ ಇದನ್ನೂ ಹೇಳು. ಅಲ್ಲಿ ಒಬ್ಬೊಬ್ಬರಿಗೂ ಒಂದು ದರ್ಜೆ ಇದೆ, ಸೊಂಗ್‌ಬುನ್ ಎನ್ನುತ್ತಾರೆ. ಯುದ್ಧದಲ್ಲಿ ನಿನ್ನಜ್ಜ ಯಾರ ಕಡೆ ನಿಂತಿದ್ದ ಎಂಬುದರ ಮೇಲೆ ನೀನು ಯಾವ ಕಾಲೇಜಿಗೆ ಹೋಗಬಹುದು, ಯಾವ ಊರಿನಲ್ಲಿ ಇರಬಹುದು ಎಂದು ತೀರ್ಮಾನವಾಗುತ್ತದೆ. ನಂಬಿಗಸ್ತರು, ಅಲುಗಾಡುವವರು, ಶತ್ರುಗಳು. ಡೇನಿಯಲ್ ನಂಬಿಗಸ್ತರ ಮನೆಯವನೇ ಇರಬೇಕು, ಇಲ್ಲದಿದ್ದರೆ ಗಡಿ ದಾಟಿಸುತ್ತಿರಲಿಲ್ಲ. ದಾಟಿಸುವಾಗಲೂ ಮನೆಯವರನ್ನು ಒಳಗೆ ಉಳಿಸಿಕೊಂಡೇ ದಾಟಿಸುತ್ತಾರೆ. ಅವನ ಹಿಂದೆ ಕೂಗಾಡಿದವನು ಮೇಲ್ವಿಚಾರಕನಿರಬೇಕು. ಈಗ ಡೇನಿಯಲ್ ಸಿಕ್ಕಿಬಿದ್ದಿದ್ದಾನೆ. ಅವನಿಗೆ ಏನಾಗುತ್ತದೆ ಎಂದು ಕೇಳಲು ನಿನಗೆ ಇನ್ನೂ ಹೊಳೆದಿಲ್ಲ.

ವಾರಕ್ಕೊಮ್ಮೆ ಅಲ್ಲಿ ಎಲ್ಲರೂ ಸಭೆ ಸೇರಬೇಕು. ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಹೆಂಗಸರ ಸಂಘದಲ್ಲಿ. ಒಬ್ಬೊಬ್ಬರೂ ಎದ್ದು ನಿಂತು ಮೊದಲು ತಮ್ಮ ತಪ್ಪು ಹೇಳಬೇಕು, ಆಮೇಲೆ ಇನ್ನೊಬ್ಬರ ತಪ್ಪು ತೋರಿಸಬೇಕು. ಭಯಂಕರವಾದ ಪದ್ಧತಿ. ಆದರೂ ನೋಡು, ಅವರು ಶುರುಮಾಡುವುದು ತಮ್ಮಿಂದ. ನಿಮ್ಮ ಕಂಪನಿಯ ವಿಚಾರಣೆಯಲ್ಲಿ ನನ್ನ ವಿಳಾಸ ಮಾತ್ರ ಇದೆ.

ನನ್ನ ನಾನಾ, ಅಮ್ಮನ ಅಪ್ಪ, ಕದನ ನಿಂತ ವರ್ಷ ಅಲ್ಲಿಗೆ ಹೋದ ನಮ್ಮ ಸೈನ್ಯದಲ್ಲಿದ್ದರು. ಊರಿಗೆ ಮರಳಲು ಒಪ್ಪದ ಕೈದಿಗಳನ್ನು ಕಾಯುವ ಕೆಲಸ ಭಾರತಕ್ಕೆ ಬಿದ್ದಿತ್ತು. ಒಬ್ಬೊಬ್ಬ ಕೈದಿಯನ್ನೂ ಗುಡಾರಕ್ಕೆ ಕರೆದು ಅವನ ದೇಶದವರಿಂದ ಮಾತನಾಡಿಸುತ್ತಿದ್ದರಂತೆ, ಬಾ ಮನೆಗೆ ಎಂದು. ಆಮೇಲೆ ಅವನು ಎರಡು ಬಾಗಿಲುಗಳಲ್ಲಿ ಒಂದರಿಂದ ಹೊರಗೆ ಹೋಗಬೇಕು. ಏನೂ ಹೇಳದೆ ನಡುವೆ ನಿಂತುಬಿಡುತ್ತಿದ್ದವರನ್ನು ನೋಡಿ ನಾನಾಗೆ ರೇಗಿಹೋಗುತ್ತಿತ್ತಂತೆ. ನನಗೂ ಈಗ ಹಾಗೇ ಆಗಿದೆ.

ನಿನ್ನ ಕಾಗದ ನಾನು ಯಾರಿಗೂ ತೋರಿಸುವುದಿಲ್ಲ. ನನಗೆಂದು ಬರೆದದ್ದು ಅದು. ನೀನೇ ಹೇಳಬೇಕು. ಏಪ್ರಿಲ್ ಮುಗಿಯುವುದರೊಳಗೆ ಹೇಳು.

ಮಜೀದಾ


ರೆಡ್‌ವುಡ್ ಸಿಟಿ
17 ಏಪ್ರಿಲ್ 2025

ಮಜೀದಾ,

ಕಂಪನಿಯ ಲಾಯರು ಒಂದು ವಾಕ್ಯ ಬರೆದು ಕೊಟ್ಟಿದ್ದಾರೆ: "ಸದರಿ ಸಾಧನವು ಆ ವಿಳಾಸಕ್ಕೆ ತಲುಪಿದ ಬಗೆಗೆ ಕಂಪನಿಯಲ್ಲಿ ಯಾವುದೇ ದಾಖಲೆ ಇರುವುದಿಲ್ಲ." ಇದು ಸುಳ್ಳಲ್ಲ ಎನ್ನುತ್ತಾರೆ. ದಾಖಲೆ ಇಲ್ಲ ತಾನೇ? ನಾನು ಬಾಯಿಮಾತಿನಲ್ಲಿ ಕೇಳಿದೆ, ನೀನು ಹೂಂ ಎಂದೆ. ನಾನು ಇನ್ನೂ ಸಹಿ ಹಾಕಿಲ್ಲ. ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

ಡೇನಿಯಲ್‌ಗೆ ಏನಾಗುತ್ತದೆ ಎಂದು ನನಗೆ ಹೊಳೆದಿಲ್ಲ ಎಂದೆಯಲ್ಲ. ಹೊಳೆದಿದೆ. ಅದನ್ನು ಯಾರ ಹತ್ತಿರ ಹೇಳಲಿ? ಇಲ್ಲಿ ಅವನ ಹೆಸರೆತ್ತಿದರೆ ಎಲ್ಲರೂ ಕುರ್ಚಿ ಸರಿಸುತ್ತಾರೆ. ಅವನು ಬರೆದ ಪ್ರೋಗ್ರಾಮುಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತಿದ್ದೇವೆ. ಎಷ್ಟು ಹುಡುಕಿದರೂ ಅವುಗಳಲ್ಲಿ ಒಂದು ತಪ್ಪೂ ಸಿಕ್ಕಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನನ್ನ ಕಾಗದಗಳನ್ನು ಹರಿದು ಹಾಕುತ್ತೀಯಾ? ಮುನಾವರ್ ಭಾಯ್ ಕೈಗೆ ಸಿಕ್ಕರೆ ಕೊಟ್ಟುಬಿಡುತ್ತಾರೆ ಎಂದು ಇವರಿಗೆ ಭಯ. ಇನ್ನು ಸ್ವಲ್ಪ ದಿನ ತಾಳಿಕೋ, ಇವರಿಗೆ ಒಂದು ಕೆಲಸ ಅಂತ ಸಿಗಲಿ.

ಬಿಂದು


ಬೆರ್ರಿಯೆಸಾ
4 ಮೇ 2025

ಬಿಂದು,

ಹರಿಯುವುದಿಲ್ಲ. ವಿಚಾರಣೆ ನಡೆಯುವಾಗ ಕಾಗದ ಹರಿಯುವುದು ಅಪರಾಧ. ಅದನ್ನು ನನ್ನ ಕೈಯಲ್ಲಿ ಮಾಡಿಸಲು ಹೊರಟಿದ್ದೀಯ. ಪೆಟ್ಟಿಗೆ ಕೊಡುವಾಗಲಾದರೂ ನಿನಗೆ ಏನೂ ಗೊತ್ತಿರಲಿಲ್ಲ. ಈಗ ಎಲ್ಲ ಗೊತ್ತಿದೆ.

ಈ ತಿಂಗಳ ಹದಿನಾಲ್ಕಕ್ಕೆ ನಾನೂ ಲಾಯರೂ ಹೋಗಿ ಹೇಳಿಕೆ ಕೊಡುತ್ತೇವೆ. ಲ್ಯಾಪ್‌ಟಾಪ್ ತಂದುಕೊಟ್ಟದ್ದು ಬಿಂದುಶ್ರೀ ಎಂದು ಹೇಳುತ್ತೇನೆ. ನಿನ್ನ ಕಾಗದಗಳನ್ನು ಅವರು ಕೇಳದೆ ನಾನಾಗಿ ತೆಗೆಯುವುದಿಲ್ಲ. ಕೇಳಿದರೆ ಇಲ್ಲ ಎನ್ನುವುದಿಲ್ಲ.

ಅಲ್ಲಿನ ವಾರದ ಸಭೆಗಳ ಬಗ್ಗೆ ಬರೆದಿದ್ದೆನಲ್ಲ. ಹೊರಗೆ ತಪ್ಪಿಸಿಕೊಂಡು ಬಂದವರು ಇನ್ನೊಂದು ವಿಷಯ ಹೇಳುತ್ತಾರೆ. ಸ್ನೇಹಿತರು ಸಭೆಗೆ ಮೊದಲೇ ಮಾತನಾಡಿಕೊಂಡಿರುತ್ತಾರಂತೆ: ಈ ವಾರ ನಾನು ನಿನ್ನ ಹೆಸರು ಹೇಳುತ್ತೇನೆ, ಮುಂದಿನ ವಾರ ನೀನು ನನ್ನದು ಹೇಳು. ಅಲ್ಲಿ ಒಬ್ಬರಿಗೊಬ್ಬರು ಮಾಡಬಹುದಾದ ಉಪಕಾರ ಅಷ್ಟೇ. ನಾನೂ ಮೊದಲೇ ಹೇಳುತ್ತಿದ್ದೇನೆ.

ಎರಡು ದಿನದಿಂದ ಒಂದು ಕವನ ಸಂಕಲನ ಹಿಡಿದು ಕೂರುತ್ತೇನೆ, ಪುಟ ದಾಟುವುದಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಇಷ್ಟು ಜಾಗ ಬೇಕೆಂದು ನನಗೆ ತಿಳಿದಿರಲಿಲ್ಲ.

ಮಜೀದಾ


ರೆಡ್‌ವುಡ್ ಸಿಟಿ
25 ಮೇ 2025

ಮಜೀದಾ,

ನಿನ್ನಲ್ಲಿಗೆ ಬಂದಿದ್ದ ಹೆಂಗಸೇ ನಮ್ಮ ಆಫೀಸಿಗೂ ಬಂದಳು. ಗಾಜಿನ ಕೋಣೆ, ಹೊರಗಿನಿಂದ ನನ್ನ ಟೀಮಿನವರಿಗೆಲ್ಲ ಕಾಣುತ್ತದೆ. ಲಾಯರು ನನ್ನ ಪಕ್ಕ ಕೂತಿದ್ದರು. ಮೇಜಿನ ಮೇಲೆ ಅವರು ಬರೆದ ಆ ವಾಕ್ಯ, ಅದರ ಮೇಲೊಂದು ಪೆನ್ನು.

ನಿನ್ನ ಹೇಳಿಕೆಯನ್ನು ಅವಳು ಓದಿ ಹೇಳಿದಳು. ನೀನು ನನ್ನನ್ನು ಕಾಪಾಡಲು ಮಾಡಿದ ಪ್ರಯತ್ನ ಅದರಲ್ಲೂ ಇತ್ತು. ಬಿಂದುಶ್ರೀಗೂ ಇದು ಏನೆಂದು ಗೊತ್ತಿರಲಿಲ್ಲ, ಯಾರೋ ಕಷ್ಟದಲ್ಲಿದ್ದಾರೆ ಎಂದು ಮಾಡಿದಳು ಎಂದಿದ್ದೆ. ಅದನ್ನು ಕೇಳಿ ನನಗೆ ಮೈ ಉರಿದುಹೋಯಿತು. ಬಯ್ಯಬಾರದಿತ್ತೇ? ಬೈದಿದ್ದರೆ ಇಲ್ಲ ಎನ್ನುವುದು ನನಗೆ ಸುಲಭವಾಗುತ್ತಿತ್ತು.

"ಇದು ನಿಜವೇ?" ಎಂದಳು. ಕಾಗದಗಳ ವಿಷಯ ಅವಳು ಎತ್ತಲೇ ಇಲ್ಲ. ನಿನ್ನ ಮಾತು, ನನ್ನ ಮಾತು, ಅಷ್ಟೇ ಇದ್ದದ್ದು. ಇಲ್ಲ ಎಂದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಲಾಯರು ಕೆಮ್ಮಿದರು. ನಿಜ, ಪೆಟ್ಟಿಗೆಯನ್ನು ಅವಳ ಕಾರಿಗೆ ಎತ್ತಿಟ್ಟವಳು ನಾನೇ, ಅವಳು ಯಾಕೆಂದೂ ಕೇಳಲಿಲ್ಲ ಎಂದೆ. ಇಂಗ್ಲಿಷಿನಲ್ಲಿ ಶುರುಮಾಡಿದವಳು ನಡುವೆ ಕನ್ನಡಕ್ಕೆ ಹೋಗಿಬಿಟ್ಟಿದ್ದೆ, ಅವಳು ನಿಲ್ಲಿಸಿ ಇನ್ನೊಮ್ಮೆ ಹೇಳಿಸಿದಳು. ಎರಡನೆಯ ಸಲ ಹೇಳುವುದು ಕಷ್ಟವಾಯಿತು.

ಬ್ಯಾಡ್ಜು ಹೋಯಿತು. ಶಿವಪ್ರಕಾಶರಿಗೆ ಹೇಳಿದೆ. "ಇನ್ಮೇಲ್ ಇಬ್ರೂ ಕಾಫಿ ಶಾಪಿಗ್ ಹೋಗನ ಬುಡು" ಎಂದರು.

ಜನವರಿಯಲ್ಲೇ ನೀನು ನನ್ನ ಹೆಸರು ಹೇಳಬೇಕಿತ್ತು. ನಾನಾಗಿ ಹೇಳಲಿ ಎಂದು ಇಷ್ಟು ತಿಂಗಳು ಕಾದೆಯಲ್ಲ, ಎಂಥ ಹಿಂಸೆ ಕೊಟ್ಟೆ ಗೊತ್ತೇ?

ಬಿಂದು


ಬೆರ್ರಿಯೆಸಾ
12 ಜುಲೈ 2025

ಬಿಂದು,

ಹಿಂಸೆ ನಾನು ಕೊಟ್ಟೆನಂತೆ. ಈ ವಾಕ್ಯವನ್ನು ಮುನಾವರ್‌ಗೆ ಓದಿ ಹೇಳಿದೆ. ಎಷ್ಟೋ ದಿನದ ಮೇಲೆ ನನ್ನ ಕಡೆ ನೇರವಾಗಿ ನೋಡಿ, "ನಿನ್ನ ಸ್ನೇಹಿತೆ ಸರಿಯಾಗೇ ಹೇಳಿದಾಳೆ" ಎಂದರು.

ನಮ್ಮ ಮಟ್ಟಿಗೆ ವಿಚಾರಣೆ ಮುಗಿಯಿತೆಂದು ಲಾಯರಿಗೆ ಪತ್ರ ಬಂದಿದೆ. ಇಂಟರ್‌ವ್ಯೂ ಮೊನ್ನೆ ಆಯಿತು, ಪಾಸಾದರು. ಮಣೆ ಮಾತ್ರ ವಾಪಸು ಬಂದಿಲ್ಲ.

ಆ ಏಜೆಂಟ್ ಹೆಂಗಸಿಗೆ ಫೋನು ಮಾಡಿ ಡೇನಿಯಲ್‌ಗೆ ಏನಾಯಿತು ಎಂದು ಕೇಳಿದೆ. ಮೇಡಂ, ಅವನ ನಿಜವಾದ ಹೆಸರೇ ನಮಗೆ ಗೊತ್ತಿಲ್ಲ ಎಂದಳು. ನಿನಗೆ ತಿಳಿಸಬೇಕೆನಿಸಿತು. ಅವನ ಬಗ್ಗೆ ಮಾತನಾಡಲು ನನಗೂ ಬೇರೆ ಯಾರೂ ಇಲ್ಲ.

ನಿನ್ನ ಫೋನು ನಿನ್ನ ಕೈಗೆ ಬಂದು ಎಷ್ಟೋ ವಾರವಾಗಿರಬೇಕು. ಆದರೂ ಒಂದು ಕರೆ ಇಲ್ಲ. ಬೀಗ ಹಾಕಿದವರು ಹೋದ ಮೇಲೂ ಒಳಗೇ ಕೂತಿರುವ ಹಠ ಇದು, ನನಗೆ ಸಾಕಾಗಿದೆ. ಇದು ನನ್ನ ಕೊನೆಯ ಕಾಗದ.

ಶನಿವಾರ ಮಧ್ಯಾಹ್ನ ಊಟಕ್ಕೆ ಬಾ. ಶಿವಪ್ರಕಾಶರು ಬಂದರೆ ಕರೆದುಕೊಂಡು ಬಾ, ಇಲ್ಲದಿದ್ದರೆ ಒಬ್ಬಳೇ ಬಾ. ಬೆಲ್ಲು ಒತ್ತು. ಬಾಗಿಲು ತೆಗೆಯಲು ಮುನಾವರ್ ಒಪ್ಪಿದ್ದಾರೆ. ಅವರು ಮಾತನಾಡುವುದಿಲ್ಲ. ನೀನು ಮಾತನಾಡು.

ಮಜೀದಾ